ಡೋರ್ ನಂಬರಿಲ್ಲದ ಹನ್ನೊಂದು ಮನೆ

ಹೊಳೆದಂಡೆಯ ಆ ಬಡಾವಣೆಗೆ ನೀರು ಬಿಡುವವನು ಅವನು. ಜನ ನೀರಣ್ಣ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ, ವಾಲ್ವ್ ತಿರುಗಿಸುವ ಕಬ್ಬಿಣದ ಸಲಾಕೆ ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿ ಅಲೆದವನು. ಯಾವ ಮನೆಯಲ್ಲಿ ಯಾರು ಕೊಡ ಎತ್ತಬಲ್ಲರು, ಯಾರು ಹಾಸಿಗೆ ಹಿಡಿದಿದ್ದಾರೆ, ಎಲ್ಲ ಅವನಿಗೆ ಬಾಯಿಪಾಠ. ನಾನು ಪರಿಹಾರ ಸಂಸ್ಥೆಯ ಅಧಿಕಾರಿ. ಓದಿದ್ದು ರಾಶಿ, ತಿಳಿದದ್ದು ಸೊನ್ನೆ.

ಹೊಳೆ ಏರತೊಡಗಿದಾಗ ನಮ್ಮ ಮೇಲಿನವರು ಸ್ಪಷ್ಟವಾಗಿಯೇ ಹೇಳಿದ್ದರು: ಈ ಸಲ ದೋಣಿ, ಹಗ್ಗ, ಔಷಧಿ ಎಲ್ಲವನ್ನೂ ಅಲ್ಲಿಯವರ ಕೈಗೇ ಕೊಡಿ, ಅವರು ಹೇಳಿದಂತೆ ನಡೆಯಿರಿ. ಮಧ್ಯಾಹ್ನವೇ ನೀರಣ್ಣ ನಮ್ಮ ಆಫೀಸಿಗೆ ಪಟ್ಟಿ ತಂದ. ಮೊದಲು ಖಾಲಿ ಮಾಡಿಸಬೇಕಾದ ಹನ್ನೊಂದು ಮನೆ. 'ಮೂಲೆ ಮನೆ ಟೈಲರಕ್ಕ, ಕಾಲು ಬರಲ್ಲ.' 'ಕೊನೇಲಿ ಹಸಿರು ಗೇಟಿನ ಮೇಷ್ಟ್ರು, ಉಸಿರಾಟದ ತೊಂದರೆ.'

"ಡೋರ್ ನಂಬರ್ ಎಲ್ಲಪ್ಪಾ?" ಎಂದೆ.

"ಹಿಂದಿನ ಸಾಲಿಗೆ ನಂಬರೇ ಹಾಕಿಲ್ಲ ಸಾರ್. ಒಂದು ದೋಣಿ ನನ್ ಜೊತೆ ಕಳ್ಸಿ, ನಾನೇ ತೋರಿಸ್ತೀನಿ."

"ನಂಬರಿಲ್ದೆ ದೋಣಿ ಕೊಟ್ರೆ ನಾಳೆ ಉತ್ತರ ಹೇಳೋನು ನಾನು. ನೀರು ಬಿಡೋ ಕೆಲ್ಸ ಇವತ್ತು ಹೊಳೆನೇ ಮಾಡ್ತಿದೆ, ನೀನು ಹೋಗಿ ಮಲಕ್ಕೋ."

ಕೋಣೆಯಲ್ಲಿದ್ದವರು ನಕ್ಕರು. ನಾನು ಉಬ್ಬಿಹೋದೆ. ಥೂ, ನನ್ನ ಜನ್ಮಕ್ಕಿಷ್ಟು! ಅವನು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ನನ್ನ ದೋಣಿಗಳು ನಂಬರಿದ್ದ ಮುಂದಿನ ಸಾಲಿಗೆ ಹೋದವು. ಅಲ್ಲಿಯವರು ಆಗಲೇ ಮಹಡಿ ಹತ್ತಿ ಕೂತಿದ್ದರು. ಸಂಜೆ ಹಿಂದಿನ ಸಾಲಿಗೆ ಎದೆಮಟ್ಟ ನೀರು ನುಗ್ಗಿತು. ನೀರಣ್ಣ ಲಾರಿ ಟ್ಯೂಬಿಗೆ ಹಲಗೆ ಕಟ್ಟಿ, ಒಂದು ಸಲಕ್ಕೆ ಒಂದೇ ಜೀವ ಕೂರಿಸಿಕೊಂಡು ತಳ್ಳಿದ. ಹತ್ತು ಮನೆಯವರನ್ನು ದಿಬ್ಬದ ಮೇಲಿನ ಶಾಲೆ ಮುಟ್ಟಿಸಿದ. ಮೇಷ್ಟ್ರ ಹೆಂಡತಿಯನ್ನೂ ಕರೆತಂದ. ಮೇಷ್ಟ್ರು ಮಾತ್ರ ಅವನು ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮರುದಿನ ಶಾಲೆಗೆ ಹೋದೆ. ಮೇಷ್ಟ್ರ ಹೆಂಡತಿ ಎದ್ದು ಬಂದು ಕೈಮುಗಿದರು.

"ಆಫೀಸಿನೋರೇ ಕಳ್ಸಿದ್ದು ಅಂದ ನೀರಣ್ಣ. ಹಾಗಂದಿದ್ದಕ್ಕೇ ಎಲ್ರೂ ಧೈರ್ಯವಾಗಿ ಹಲಗೆ ಹತ್ತಿದ್ವಿ ಸಾರ್. ನಮ್ಮ ಯಜಮಾನ್ರ ಆಯಸ್ಸು ಅಷ್ಟೇ ಇತ್ತು. ನೀವು ನಮ್ಮನ್ನ ಮರೀಲಿಲ್ವಲ್ಲ, ಅಷ್ಟು ಸಾಕು."

ನೀರಣ್ಣ ಪಕ್ಕದಲ್ಲೇ ಶಾಲೆಯ ತೊಟ್ಟಿ ತೊಳೆಯುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದ, ಮತ್ತೆ ತೊಟ್ಟಿಗೆ ಬಗ್ಗಿದ. ಅಲ್ಲಮ್ಮಾ, ನಾನು ಕಳಿಸಲಿಲ್ಲ ಎನ್ನಬೇಕಿತ್ತು. ಬಾಯಿಯನ್ನೂ ತೆರೆದೆ.

"ಇರ್ಲಿ ಬಿಡಿ ತಾಯಿ, ಅದು ನಮ್ ಕರ್ತವ್ಯ" ಎಂದುಬಿಟ್ಟೆ.