ಅರ್ಧ ಪಾಪ ಅರಿಶಿನಕ್ಕೆ

ನಮ್ಮಜ್ಜಿ ನೀರು ಸೋಸಿದ ಬಟ್ಟೆಯನ್ನು ಮತ್ತೆ ಬಾವಿಯೊಳಗೇ ಜಾಲಿಸುವ ಜೈನ ಹೆಂಗಸು. ಬಟ್ಟೆಗೆ ಸಿಕ್ಕ ಸಣ್ಣ ಹುಳವೂ ತನ್ನ ಮನೆ ಸೇರಬೇಕು ಅವಳಿಗೆ. ಅಂಥವಳ ಮೊಮ್ಮಗಳು ನಾನು, ಮಿರಜಿನ ಲ್ಯಾಬಿನಲ್ಲಿ ಬಸಿಯಂಥ ಗಾಜಿನ ತಟ್ಟೆಯೊಳಗೆ ಬೂಷ್ಟು ಸಾಕಿ, ಸಾಕಿದ್ದನ್ನೇ ಕೊಲ್ಲುವ ಕೆಲಸಕ್ಕೆ ಸೇರಿದ್ದೆ!

ಬಾಯಿತುಂಬ ಬಿಳಿ ಬೂಷ್ಟು ಹಿಡಿದು ತುತ್ತು ನುಂಗಲಾಗದ ಹೆಂಗಸೊಬ್ಬಳಿಂದ ಬಂದ ಯೀಸ್ಟ್ ಅದು. ಯಾವ ಗುಳಿಗೆಗೂ ಜಗ್ಗುತ್ತಿರಲಿಲ್ಲ. ಗುಳಿಗೆಯ ಔಷಧಿಗೆ ಅರಿಶಿನದ ಸಾರ ಕೂಡಿಸಿದರೆ ಜಗ್ಗೀತೇ ಎಂದು ನೋಡುವುದು ನನ್ನ ಎಂ.ಎಸ್ಸಿ. ಪ್ರಾಜೆಕ್ಟು. ಸಾಂಗ್ಲಿ ಪೇಟೆಯಲ್ಲಿ ರಾಶಿ ರಾಶಿ ಅರಿಶಿನವಿದ್ದರೂ ನಮ್ಮೂರು ಬೇಡಗದ ಹೊಲದ್ದನ್ನೇ, ಅಜ್ಜಿಯ ಡಬ್ಬಿಯಿಂದ ಹೇಳದೆ ಒಯ್ದೆ. ಡಬ್ಬಿ ಹಗುರಾದದ್ದು ಕಂಡು ಅಜ್ಜಿ ಕೇಳಿದಳು. ನಾನೋ ಬಾಯಿಬಡುಕಿ, ಆ ಹೆಂಗಸಿನ ಕತೆಯ ಸಮೇತ ಎಲ್ಲ ಒದರಿಬಿಟ್ಟೆ.

"ನನ್ನ ಅರಿಷಿಣದ್ಲೆ ಜೀವಾ ತಗೀತಿಯೇನ? ಇನ್ನ ಮ್ಯಾಲೆ ನಿನ್ನ ಕೈಯಾಗಿನ ನೀರ ನಾ ಕುಡ್ಯಾಂಗಿಲ್ಲ!"

ಹೊತ್ತು ಮುಳುಗಿದ ಮೇಲೆ ಅಜ್ಜಿ ಹನಿ ನೀರೂ ಮುಟ್ಟಳು; ಅದಕ್ಕೆ ಮೊದಲು ಅವಳಿಗೆ ಕೊಡುವ ಕೊನೆಯ ಲೋಟ ನೀರು ಸಣ್ಣಂದಿನಿಂದ ನನ್ನ ಹಕ್ಕು. ಈಗ ಅದನ್ನು ಅವ್ವ ಕೊಡತೊಡಗಿದಳು. ನನಗೆ ಹೊಟ್ಟೆ ಉರಿದು ಹೋಯಿತು.

ಮೊದಲ ಸಲ ಬಸಿ ತೆರೆದರೆ, ಅಬ್ಬಬ್ಬಾ, ಅರಿಶಿನ ಬಿದ್ದಲ್ಲೆಲ್ಲ ಬೂಷ್ಟು ಮಾಯ! ಕುಣಿದೆ. ಪೇಢೆ ತಂದು ವಾಚ್‌ಮನ್ನನಿಂದ ಹಿಡಿದು ಎಲ್ಲರ ಬಾಯಿಗೂ ತುರುಕಿದೆ. ನಮ್ಮ ಗೈಡ್ ಮ್ಯಾಡಮ್ ಸಲಗರೆ ಊರಿನ ಕನ್ನಡದವರು, ಆದರೂ ಇಡೀ ದಿನ ಮರಾಠಿ. ಕನ್ನಡಕ್ಕೆ ಇಳಿದರೆಂದರೆ ಬೈಗುಳ ಬಂತೆಂದೇ ಅರ್ಥ. ಪೇಢೆ ಅಗಿಯುತ್ತಲೇ ಇಳಿದರು.

"ಅರಿಷಿಣ ಸ್ಪಿರಿಟ್‌ನ್ಯಾಗ ಕರಗಿಸಿದಿ. ಬರೇ ಸ್ಪಿರಿಟ್ ಹಾಕಿ ನೋಡೀಯೇನ, ಹುಚ್ಚಿ?"

ನೋಡಿರಲಿಲ್ಲ. ಹಾಕಿ ನೋಡಿದರೆ ಬರೀ ಸ್ಪಿರಿಟ್ಟೇ ಬೂಷ್ಟನ್ನು ಕೊಂದಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೆ ನಾನು. ಅಜ್ಜಿಯ ನೀರೂ ಹೋಯಿತು, ಪೇಢೆಯೂ ಹೋಯಿತು.

ಎರಡನೇ ಸಲ ಸಾರವನ್ನು ಕಾಗದದ ಬಿಲ್ಲೆಗಳಿಗೆ ಹನಿಸಿ, ಸ್ಪಿರಿಟ್ ಪೂರ್ತಿ ಆರಿಸಿ ಇಟ್ಟೆ. ಬರೀ ಸ್ಪಿರಿಟ್ ಆರಿದ ಬಿಲ್ಲೆಯ ಸುತ್ತ ಬೂಷ್ಟು ಹುಲುಸಾಗಿ ಬೆಳೆದಿತ್ತು. ಬರೀ ಔಷಧಿ, ಬರೀ ಅರಿಶಿನ ಇಟ್ಟಲ್ಲೂ ಹಾಗೆಯೇ. ಎರಡೂ ಕೂಡಿದ ಬಿಲ್ಲೆಯ ಸುತ್ತ ಮಾತ್ರ ಬೂಷ್ಟಿಲ್ಲದ ತಿಳಿಯಾದ ಉಂಗುರ! ಈ ಸಲ ಬಾಯಿ ಮುಚ್ಚಿಕೊಂಡು ಇನ್ನೆರಡು ಸಲ ಮಾಡಿದೆ. ಅದೇ ಉಂಗುರ. ಆಮೇಲೆ ಕುಣಿದೆ ನೋಡಿ, ಮ್ಯಾಡಮ್ಮೂ ಕುಣಿದರು!

ಬೇಡಗದ ಬಸ್ಸಿನಲ್ಲಿ ಕಂಡಕ್ಟರನಿಗೂ ನಕ್ಕು, ಮನೆಗೆ ಓಡಿ, ಫೋನಿನಲ್ಲಿದ್ದ ಫೋಟೋ ಅಜ್ಜಿಯ ಕಣ್ಣ ಮುಂದೆ ಹಿಡಿದೆ.

"ಬ್ಯಾರೆ ಬ್ಯಾರೆ ಇಟ್ಟರ ಸಾಯಂಗಿಲ್ಲರಿ ಅಜ್ಜಿ. ಎರಡೂ ಕೂಡಿದರ ಅಷ್ಟ ಸಾಯ್ತಾವ."

ಅಜ್ಜಿ ಬಹಳ ಹೊತ್ತು ಲೆಕ್ಕ ಹಾಕಿದಳು. "ಹಂಗಾರ ಅರ್ಧ ಪಾಪ ಗುಳಿಗೀಗೆ, ಅರ್ಧ ನನ್ನ ಅರಿಷಿಣಕ್ಕ."

ನಾನು ನೆಲಕ್ಕೆ ಬಿದ್ದು ನಕ್ಕೆ. ಅವಳು ನಗಲಿಲ್ಲ. ಫೋಟೋಕ್ಕೆ ಕೈಮುಗಿದು ಸತ್ತ ಬೂಷ್ಟಿನ ಕ್ಷಮೆ ಕೇಳಿದಳು. ಆಮೇಲೆ ನನ್ನತ್ತ ತಿರುಗಿದಳು.

"ಆ ಹೆಣ್ಮಗಳು ಈಗ ಉಣ್ಣತಾಳೇನ?"

ನನ್ನ ನಗು ನಿಂತಿತು. "ಇಲ್ಲರಿ. ಇದು ಬರೇ ಬಸಿಯಾಗಿನ ಮಾತ. ಆಕಿ ಬಾಯಿತನಕ ಮುಟ್ಟಾಕ ಇನ್ನೂ ಭಾಳ ದಿನಾ ಬೇಕು."

ಅಜ್ಜಿ ಎದ್ದು ಹೋಗಿ ಅರಿಶಿನದ ಡಬ್ಬಿಯನ್ನೇ ತಂದು ನನ್ನ ಮಡಿಲಿಗಿಟ್ಟಳು. ಕಿಟಕಿಯಾಚೆ ಬಿಸಿಲು ಕೆಂಪಾಗುತ್ತಿತ್ತು.

"ಮತ್ತ ಸುಮ್ನ ಕುಂತಿಯಲ್ಲ? ಹೊತ್ತ ಮುಳಗಾಕತ್ತೇತಿ. ನೀರ ಕೊಡು."