ಎಲ್ಲರೂ ನಗುವಾಗ ನೀನೂ ನಗು

ನನ್ನ ಮಗಳಿಗೆ ಹದಿನೈದು ವರ್ಷ, ಮಾತು ಮಾತ್ರ ಯಕ್ಷಗಾನದ ರಾಜನದ್ದು. ಜೆಪ್ಪುವಿನ ನಮ್ಮ ಮನೆಯಲ್ಲಿ ಎಲ್ಲರೂ ತುಳು ಮಾತಾಡುವವರು. ಇವಳು ಕನ್ನಡದಲ್ಲಿ ಮಾತು ಕಲಿತದ್ದು ಮೊಬೈಲಿನಲ್ಲಿ ಯಕ್ಷಗಾನ ನೋಡಿ ನೋಡಿ. ಗ್ಯಾಸಿನವನು ಬೆಲ್ ಮಾಡಿದರೆ ಬಾಗಿಲು ತೆರೆದು, "ತಾವು ಯಾರು? ಬಂದ ಕಾರಣವೇನು?" ಅಂತ ಕೇಳ್ತಾಳೆ. ಅವನು ಪಾಪ, ಸಿಲಿಂಡರ್ ಹೊತ್ತುಕೊಂಡೇ ನಿಂತಿರ್ತಾನೆ. ಮೊದಮೊದಲು ನಾನೂ ನಗುತ್ತಿದ್ದೆ.

ಡಾಕ್ಟರು ಆಸ್ಪರ್ಜರ್ ಅಂದರು. ಈಗ ಆ ಹೆಸರು ಹೇಳುವುದಿಲ್ಲ, ಆಟಿಸಂ ಅಂತಲೇ ಹೇಳುವುದು, ಅಂತಲೂ ಅಂದರು. ಹೆಸರು ಯಾವುದಾದರೆ ನನಗೆಂತ ಮಾರಾಯ್ರೆ? ಇವಳಿಗೆ ಒಬ್ಬಳೇ ಒಬ್ಬಳು ಫ್ರೆಂಡ್ ಇಲ್ಲ. ಶಾಲೆಯಲ್ಲಿ ಒಬ್ಬಳೇ ಕೂತು ಉಂಡು, ಬುತ್ತಿ ತೊಳೆದುಕೊಂಡು ಬರ್ತಾಳೆ. ಇವಳಿಗೆ ಬೇಡ ಅಂತ ಅಲ್ಲ. ಒಮ್ಮೆ ನಾನು ಮೀನು ಕಾಯಿಸುವಾಗ ಬಂದು, "ಅಮ್ಮಾ, ಗೆಳತಿಯರನ್ನು ಪಡೆಯುವ ವಿಧಾನ ಯಾವುದು?" ಅಂತ ಕೇಳಿದಳು. ಒಲೆ ಆಫ್ ಮಾಡಿ, ಬಾತ್‌ರೂಮಿಗೆ ಹೋಗಿ ಅತ್ತೆ. ಮಸ್ಕತ್ತಿನಲ್ಲಿರುವ ಗಂಡನದ್ದು ಒಂದೇ ರಾಗ, "ದೊಡ್ಡವಳಾದ ಮೇಲೆ ಸರಿಯಾಗ್ತಾಳೆ." ದೊಡ್ಡವಳಾದಳಲ್ಲ, ಎಲ್ಲಿ ಸರಿಯಾದಳು?

ತಮಾಷೆ ಅನ್ನುವುದು ಇವಳ ತಲೆಗೆ ಹೋಗುವುದೇ ಇಲ್ಲ. ಎಲ್ಲರೂ ನಗುತ್ತಿರುವಾಗ "ಇದರಲ್ಲಿ ನಗುವಂಥದ್ದು ಏನಿದೆ?" ಅಂತ ಕೇಳಿ ಕೂತವರ ಮುಖ ಸಪ್ಪೆ ಮಾಡಿಬಿಡ್ತಾಳೆ. ಹಾಗಾಗಿ ನಾದಿನಿಯ ಮಗಳ ಮದುವೆಗೆ ಮೊದಲು ನಾನೇ ಹೇಳಿಕೊಟ್ಟೆ, "ಅರ್ಥ ಆಗದಿದ್ದರೂ ಅಡ್ಡಿಯಿಲ್ಲ, ಎಲ್ಲರೂ ನಗುವಾಗ ನೀನೂ ನಗು." ಕನ್ನಡಿಯ ಮುಂದೆ ಇಬ್ಬರೂ ನಿಂತು ಪ್ರಾಕ್ಟೀಸ್ ಮಾಡಿದೆವು. ಹಲ್ಲು ಎಷ್ಟು ಕಾಣಬೇಕು, ಯಾವಾಗ ನಿಲ್ಲಿಸಬೇಕು, ಎಲ್ಲ ಕೇಳಿ ಕೇಳಿ ಕಲಿತಳು. ಮದುಮಗಳ ತಂಗಿ ಇವಳದ್ದೇ ಪ್ರಾಯದವಳು. ಅವಳೊಬ್ಬಳು ಜೊತೆಯಾದರೆ ನನಗೆ ಸಾಕಿತ್ತು.

ಮದುವೆಯ ಹಿಂದಿನ ರಾತ್ರಿ ಮದರಂಗಿ, ವಾಮಂಜೂರಿನಲ್ಲಿ, ನಾದಿನಿಯ ಮನೆಯಂಗಳದಲ್ಲಿ. ಡಿಜೆಯ ಗದ್ದಲಕ್ಕೆ ಮಗಳು ಕಿವಿಗೆ ಹತ್ತಿ ತುರುಕಿಕೊಂಡು ಹೇಗೋ ಕೂತಳು. ಊಟಕ್ಕೆ ಹಾಡು ನಿಂತಿತು. ನಾನು ಅವಳಿಗೆ ಕೋರಿ ರೊಟ್ಟಿ ಬಡಿಸಿಕೊಂಡು ಬರುವಾಗ ನೋಡ್ತೇನೆ, ಹುಡುಗಿಯರೆಲ್ಲ ಇವಳ ಸುತ್ತ ಕೂತಿದ್ದಾರೆ! ದೇವರೇ, ಎಷ್ಟು ಖುಷಿಯಾಯಿತು ನನಗೆ. ಹತ್ತಿರ ಹೋದೆ.

"ಈಗ ನೀರು ಕೇಳು ಮಾರಾಯ್ತಿ," ಅಂದಳು ಮದುಮಗಳ ತಂಗಿ, ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ.

"ಬಾಯಾರಿಕೆಯಿಂದ ಬಳಲಿದ್ದೇನೆ. ಒಂದಿಷ್ಟು ನೀರನ್ನು ಕರುಣಿಸುವಿರಾ?" ಅಂದಳು ನನ್ನ ಮಗಳು.

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಒಬ್ಬಳು ಇವಳ ಹಾಗೆಯೇ ಕತ್ತು ಓರೆ ಮಾಡಿ ಅಣಕಿಸಿದಳು. ಮತ್ತೆ ನಗು. ನನ್ನ ಮಗಳು ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಕನ್ನಡಿಯ ಮುಂದೆ ಕಲಿತ ಹಾಗೆಯೇ ಹಲ್ಲು ಬಿಟ್ಟು ನಕ್ಕಳು.

ತಟ್ಟೆಯನ್ನು ಅವರ ತಲೆಗೇ ಎಸೆಯುವಷ್ಟು ಸಿಟ್ಟು ಬಂತು. ಆದರೆ ನೆಂಟರ ಮನೆ, ಎಂತ ಮಾಡುವುದು? ಎರಡು ತುತ್ತು ತಿನ್ನಿಸಿ ರಿಕ್ಷಾ ಹತ್ತಿಸಿದೆ.

ರಿಕ್ಷಾದಲ್ಲಿ ಅವಳ ಸಂಭ್ರಮ ನೋಡಬೇಕಿತ್ತು. "ಅಮ್ಮಾ, ನಾನು ಒಂದು ಸಲವೂ ತಪ್ಪಲಿಲ್ಲ. ಸರಿಯಾಗಿ ನಕ್ಕೆನಲ್ಲವೇ?"

"ಸರಿಯಾಗಿ ನಕ್ಕಿದ್ದಿ ಮಗಾ."

"ನಾಳೆಯೂ ತಮ್ಮ ಬಳಿಯೇ ಕುಳಿತುಕೊಳ್ಳಬೇಕೆಂದು ಅವರೆಲ್ಲರೂ ಹೇಳಿದ್ದಾರೆ. ನನ್ನನ್ನು ಇದುವರೆಗೆ ಯಾರೂ ಹಾಗೆ ಕರೆದಿರಲಿಲ್ಲ."

ಹೌದು, ಯಾರೂ ಕರೆದಿರಲಿಲ್ಲ.

ಬೆಳಿಗ್ಗೆ ನಾನು ಏಳುವಾಗಲೇ ಸ್ನಾನ ಮಾಡಿ, ಹೊಸ ಚೂಡಿದಾರ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ನಗುವುದು, ನಿಲ್ಲಿಸುವುದು, ಪುನಃ ನಗುವುದು. ಹೋಗುವುದು ಬೇಡ ಅಂತ ಹೇಳಬೇಕಿತ್ತು. ಯಾಕೆ ಅಂತ ಕೇಳಿದರೆ ಎಂತ ಹೇಳಲಿ? ಅವರು ನಕ್ಕದ್ದು ನಿನ್ನನ್ನು ನೋಡಿಯೇ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಜಡೆ ಹೆಣೆದು, ಮಲ್ಲಿಗೆ ಮುಡಿಸಿದೆ. ಮದುವೆ ಹಾಲ್‌ನಲ್ಲಿ ಕೈ ಹಿಡಿದು ಕರ್ಕೊಂಡು ಹೋಗಿ, ಆ ಹುಡುಗಿಯರ ನಡುವೆ ನಾನೇ ಕೂರಿಸಿ ಬಂದೆ.