ಟೈಲರ್ ಟೇಪು, ಗೀಜಗನ ಗೂಡು

ಕಿರಂಗೂರಿನ ನಮ್ಮ ಗದ್ದೆಬಾವಿಯ ಮೇಲೆ ಬಾಗಿದ ಈಚಲ ಮರದಲ್ಲಿ ಈ ವರ್ಷವೂ ಗೀಜಗಗಳು ಗೂಡು ಕಟ್ಟಿವೆ. ಅದನ್ನು ಓಡಿಹೋಗಿ ಹೇಳಲು ಶ್ರೀರಂಗಪಟ್ಟಣದಲ್ಲಿ ನನಗೀಗ ಯಾರೂ ಇಲ್ಲ.

ಇದ್ದವರು ಒಬ್ಬರೇ, ಪೇಟೆ ಬೀದಿಯ ಟೈಲರ್ ಸಾಬರು. ನಾನು ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಮಳೆಗಾಲ ಮುಗಿದು, ಹಕ್ಕಿಗಳು ಬಿಟ್ಟುಹೋದ ಗೂಡುಗಳು ಉದುರುವ ಹೊತ್ತಿಗೆ ಅವರು ಶುಕ್ರವಾರದ ನಮಾಜು ಮುಗಿಸಿ ಸ್ಕೂಟರಿನಲ್ಲಿ ಬರುತ್ತಿದ್ದರು. ಹಾವು ನುಗ್ಗದಂತೆ ಹಕ್ಕಿ ಗೂಡಿನ ಬಾಗಿಲಿಗೆ ಇಳಿಬಿಡುವ ಕೊಳವೆಯನ್ನು ಕೊರಳಲ್ಲಿದ್ದ ಟೇಪಿನಿಂದ ಅಳೆದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದುಕೊಂಡು, ಗೂಡಿಗೊಂದು ಚೀಟಿ ಕಟ್ಟಿ ಮನೆಗೆ ಒಯ್ಯುತ್ತಿದ್ದರು. ವರ್ಷದಿಂದ ವರ್ಷಕ್ಕೆ ಕೊಳವೆ ಗಿಡ್ಡವಾಗುತ್ತಿದೆ, ಹಾವಿನ ಕಾಟ ತಗ್ಗಿ ಹಕ್ಕಿಯೇ ಬದಲಾಗುತ್ತಿದೆ, ನಿಮ್ಮ ಪಾಠದ ವಿಕಾಸ ಇದೇ ಅಲ್ಲವೇ ಎಂಬುದು ಅವರ ವಾದ. ಗಿಡ್ಡವಾದರೆ ಸಾಲದು, ಆ ಗುಣ ಅಪ್ಪನಿಂದ ಮಗನಿಗೆ ಬಂತೆಂದು ತೋರಿಸಿ ಎಂಬುದು ನನ್ನ ಹಟ. ನೇಯಲು ಒಳ್ಳೆಯ ಹುಲ್ಲು, ಈಚಲ ಗರಿ ಸಿಗದ ವರ್ಷ ಯಾವ ಹಕ್ಕಿಯಾದರೂ ಗಿಡ್ಡ ಕಟ್ಟೀತು ಎನ್ನುತ್ತಿದ್ದೆ. ಹೀಗೆ ಕಿತ್ತಾಡುತ್ತಾ ಬಾವಿಕಟ್ಟೆಯಲ್ಲಿ ಸಂಜೆ ಮಾಡುತ್ತಿದ್ದೆವು. ನನ್ನ ಬದುಕಿನ ಒಳ್ಳೆಯ ಸಂಜೆಗಳು ಅವು.

ಹಾಳು ಬುದ್ಧಿ ನನ್ನದು. ಒಂದು ದಿನ ಸ್ಟೀಲ್ ಸ್ಕೇಲು ಹಿಡಿದು ಅಂಗಡಿಗೆ ಹೋದೆ, ಗಿರಾಕಿಗಳ ಮುಂದೆಯೇ ಅವರ ಟೇಪಿನ ಪಕ್ಕ ಇಟ್ಟೆ. ವರ್ಷಗಟ್ಟಲೆ ಎಳೆದೆಳೆದು ಟೇಪು ಹಿಗ್ಗಿತ್ತು. ಹಿಗ್ಗಿದ ಟೇಪು ಎಲ್ಲವನ್ನೂ ಕಡಿಮೆ ತೋರಿಸುತ್ತದೆ. ಗೂಡು ಗಿಡ್ಡವಾಗಿಲ್ಲ, ನಿಮ್ಮ ಟೇಪು ಉದ್ದವಾಗಿದೆ ಎಂದು ನಕ್ಕೆ.

"ಇದ್ರಲ್ಲೇ ಅಳೀತೀನಿ, ಇದ್ರಲ್ಲೇ ಅಳ್ದು ಬಟ್ಟೆ ಕತ್ತರಿಸ್ತೀನಿ. ಒಂದು ಅಂಗೀನೂ ಬಿಗಿಯಾಗ್ಲಿಲ್ಲ ಮೇಷ್ಟ್ರೇ, ನಂಗೆ ಎಂಗೆ ಗೊತ್ತಾಗ್ಬೇಕು?" ಎಂದಷ್ಟೇ ಹೇಳಿ ಮಿಷನ್ ತುಳಿಯತೊಡಗಿದರು.

ಆಮೇಲೆ ಅವರು ಬಾವಿಯ ಕಡೆ ಬರಲಿಲ್ಲ. ನಾನೂ ಕರೆಯಲಿಲ್ಲ, ಮೇಷ್ಟ್ರ ಜಂಬ. ಹಾಗೇ ಎರಡು ಮಳೆಗಾಲ ಕಳೆದವು. ಅಷ್ಟರಲ್ಲಿ ಅವರು ತೀರಿಕೊಂಡರು.

ಹೋದ ತಿಂಗಳು ಅವರ ಮಗಳು ಅಟ್ಟದಲ್ಲಿದ್ದ ಗೂಡುಗಳ ಮೂಟೆ ತಂದುಕೊಟ್ಟರು.

"ಇವು ಮೇಷ್ಟ್ರಿಗೇ ಸೇರ್ಬೇಕು ಅಂತಿದ್ರು ನಮ್ಮ ಅಬ್ಬಾ," ಎಂದರು.

ಚೀಟಿ ನೋಡಿ ವರ್ಷದ ಪ್ರಕಾರ ಸಾಲಾಗಿಟ್ಟು, ಅದೇ ಸ್ಟೀಲ್ ಸ್ಕೇಲಿನಲ್ಲಿ ಒಂದೊಂದನ್ನೂ ಅಳೆದೆ. ಟೇಪು ತೋರಿಸಿದಷ್ಟು ಅಲ್ಲ, ಆದರೆ ಕೊಳವೆಗಳು ನಿಜವಾಗಿಯೂ ಗಿಡ್ಡವಾಗುತ್ತಾ ಬಂದಿದ್ದವು.

ವಿಕಾಸಕ್ಕೆ ಇದೊಂದೇ ಸಾಕ್ಷಿ ಸಾಲದು, ಈಗಲೂ ಹಾಗೇ ಹೇಳುತ್ತೇನೆ. ಆದರೂ ಶುಕ್ರವಾರ ಬಂತೆಂದರೆ ಬಾವಿಕಟ್ಟೆಗೆ ಹೋಗಿ ಕೂರುತ್ತೇನೆ, ರಸ್ತೆಯಲ್ಲಿ ಸ್ಕೂಟರ್ ಸದ್ದಾದರೆ ತಿರುಗಿ ನೋಡುತ್ತೇನೆ. ಸಾಬರು ಬಂದು ಇನ್ನೊಂದೇ ಒಂದು ಸಲ ವಾದಕ್ಕೆ ಕೂತರೆ ಸಾಕು, ಸೋತುಬಿಡುತ್ತೇನೆ.